‘ಉದ್ದ’ ಅಂತ ಬರೆಯುವುದು ಹೇಗೆ?

‘ಈ ಬ್ಯಾಟರಿ ಉದ್ದ ಸಮಯ ಬಾಳುತ್ತದೆ.’ ಇಂಥ ಜಾಹೀರಾತು ಓದಿದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ದಿನಾ ಬಾಯಲ್ಲಿ ಆಡುವ ಪದ ಇದು. ಮಾತಾಡುವಾಗ ಯಾರೂ ತಪ್ಪುವುದಿಲ್ಲ, ಬರೆಯಲು ಕೂತರೆ ಮಾತ್ರ ಎಡವಟ್ಟು.

ಮೊದಲು ಕಾಗುಣಿತ. ‘ಉದ್ಧ’ ಅಲ್ಲ, ‘ಉದ್ದ’. ಮಹಾಪ್ರಾಣ ಬೇಕಾದದ್ದು ಉದ್ಧಾರಕ್ಕೆ. ಮೊಬೈಲ್ ಕೀಬೋರ್ಡ್ ತಾನೇ ಏನಾದರೂ ತೋರಿಸಿದರೆ ಸುಮ್ನೆ ಒತ್ತಬೇಡಿ.

ಎರಡನೆಯದು, ವಸ್ತು ಮಲಗಿದೆಯೋ ನಿಂತಿದೆಯೋ ನೋಡಿ. ರೈಲು ಉದ್ದ, ಶ್ರವಣಬೆಳಗೊಳದ ಗೊಮ್ಮಟ ಎತ್ತರ. ಹುಡುಗ ‘ಉದ್ದ ಬೆಳೆದಿದ್ದಾನೆ’ ಅಂತ ಮನೆಯಲ್ಲಿ ಹೇಳುತ್ತೇವಲ್ಲ, ಅದೂ ಸರಿಯೇ.

ಫಜೀತಿ ಇರುವುದು ಮೂರನೇ ಹಂತದಲ್ಲಿ: ಉದ್ದದ, ಉದ್ದನೆಯ, ಉದ್ದಕ್ಕೆ, ಉದ್ದುದ್ದ. ಅಳತೆ ಹೇಳುತ್ತಿದ್ದರೆ ‘ಉದ್ದದ’ ಬಳಸಿ. ಹುಬ್ಬಳ್ಳಿ ನಿಲ್ದಾಣದಲ್ಲಿ 2023ರಲ್ಲಿ ಉದ್ಘಾಟನೆಯಾದದ್ದು 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್. ‘1,507 ಮೀಟರ್ ಉದ್ದನೆಯ’ ಅಂತಲೂ ಪತ್ರಿಕೆಗಳಲ್ಲಿ ಬರುತ್ತದೆ, ನನಗಂತೂ ಒಗ್ಗುವುದಿಲ್ಲ. ‘ಉದ್ದನೆಯ’ ಅನ್ನುವುದು ಕಣ್ಣಳತೆಗೆ: ಉದ್ದನೆಯ ಕೋಲು, ಉದ್ದನೆಯ ಬಾಲ. ಅಲ್ಲಿ ಲೆಕ್ಕ ಬೇಕಿಲ್ಲ. ಇನ್ನು ‘ಉದ್ದಲಂಗ’ವನ್ನು ಒಡೆಯಲೇಬೇಡಿ. ಉದ್ದನೆಯ ಲಂಗ ಯಾವುದಾದರೂ ಆಗಬಹುದು. ಉದ್ದಲಂಗ ಅಂದರೆ ಹೆಣ್ಣುಮಕ್ಕಳು ಹಬ್ಬಕ್ಕೆ ಹಾಕುವ, ಜರಿಯಂಚಿನ ಆ ಉಡುಪೇ.

ಅಡುಗೆ ಬರಹಗಳಲ್ಲಿ ತಪ್ಪು ಇನ್ನೂ ಜಾಸ್ತಿ. ‘ಉದ್ದವಾದ ಈರುಳ್ಳಿ ಹೆಚ್ಚಿ’ ಎಂದು ಬರೆದರೆ ಓದಿದವರು ಮಾರ್ಕೆಟ್ಟಿನಲ್ಲಿ ಉದ್ದನೆಯ ಈರುಳ್ಳಿ ಹುಡುಕಬೇಕು! ‘ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ’ ಅನ್ನಿ. ಹಸಿಮೆಣಸಿನಕಾಯಿಯನ್ನಾದರೆ ‘ಉದ್ದಕ್ಕೆ ಸೀಳಿ’. ಆ ‘ಉದ್ದಕ್ಕೆ’ಗೆ ಒಂದು ‘ಊ’ ಸೇರಿ ‘ಉದ್ದಕ್ಕೂ’ ಆಯಿತೋ, ಅರ್ಥವೇ ಬೇರೆ. ದಾರಿ ಉದ್ದಕ್ಕೂ ಮಳೆ ಅಂದರೆ ಹೊರಟಲ್ಲಿಂದ ತಲುಪುವ ತನಕ ಮಳೆ.

ನಾಲ್ಕನೆಯದು ಕಾಲ. ಹೊತ್ತಿಗೆ, ದಿನಕ್ಕೆ ‘ಉದ್ದ’ ಹಾಕಬೇಡಿ. ಬಹಳ ಹೊತ್ತು, ತುಂಬಾ ದಿನ ಸಾಕು. ಬ್ಯಾಂಕಿನ ಸಾಲಕ್ಕೆ ‘ದೀರ್ಘಾವಧಿ’ ಇದ್ದೇ ಇದೆ. ಅನುವಾದದ ಆ್ಯಪ್‌ಗಳು ‘ಉದ್ದವಾದ ರಜೆ’ ಎಂದು ಕೊಡುತ್ತವೆ, ಅಳಿಸಿ. ಮಾತಿಗೆ ಮಾತ್ರ ರಿಯಾಯಿತಿ ಉಂಟು, ಅದೂ ಕುಟುಕಲು. ‘ಉದ್ದುದ್ದ ಭಾಷಣ ಬಿಗಿದ’ ಅಂದರೆ ಕೇಳಿದವರಿಗೆ ಬೇಜಾರಾಗಿತ್ತು ಅಂತಲೇ. ‘ಅವನ ನಾಲಿಗೆ ಉದ್ದ’ ಅಂದರೂ ಯಾರೂ ಟೇಪು ಹಿಡಿದು ಹೋಗುವುದಿಲ್ಲ.

ಕೊನೆಗೆ ‘ನೀಳ’. ಇದರಲ್ಲಿ ಉದ್ದದ ಜೊತೆ ಚೆಲುವೂ ಇದೆ: ನೀಳ ಜಡೆ, ನೀಳ ಬೆರಳು. ಚೆಂದ ಕಾಣಲಿ ಅಂತ ‘ನೀಳ ಪೈಪು’ ಎಂದು ಚೀಟಿ ಬರೆದು ಹಾರ್ಡ್‌ವೇರ್ ಅಂಗಡಿಗೆ ಕಳಿಸಬೇಡಿ.