ಹೊಲಿಗೆ ಲೈನಲ್ಲಿ ಕಾಟ ಕೊಟ್ಟರೆ ಮೊದಲು ನೋಟ್‌ಬುಕ್ ತೆಗೀರಿ

ತುಮಕೂರಿನ ಗಾರ್ಮೆಂಟ್ಸಲ್ಲಿ 11 ವರ್ಷ ಕಾಲರ್ ಹೊಲಿದವಳು ನಾನು. ಟಾರ್ಗೆಟ್ ನೆಪದಲ್ಲಿ ಸೂಪರ್‌ವೈಸರ್ ಭುಜ ಮುಟ್ಟಿದಾಗ ಮೊದಮೊದಲು ಬಾತ್‌ರೂಮಲ್ಲಿ ಅತ್ತು ಸುಮ್ಮನಾಗ್ತಿದ್ದೆ. ನೀವು ಹಾಗೆ ಮಾಡಬೇಡಿ ಅಕ್ಕಂದಿರೇ.

ಅವತ್ತೇ ರಾತ್ರಿ ಬರೆದಿಡಿ: ತಾರೀಖು, ಹೊತ್ತು, ಅವನಾಡಿದ ಮಾತು ಇದ್ದದ್ದು ಇದ್ದ ಹಾಗೆ, ಪಕ್ಕದ ಮಿಷನ್ನಲ್ಲಿ ಯಾರಿದ್ದರು. ನಾನು ಬರೆದದ್ದು ಮಗಳ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ, ಪೆನ್ಸಿಲಲ್ಲಿ. ವಿಚಾರಣೆಯಲ್ಲಿ ನನ್ನ ಕೈಹಿಡಿದದ್ದು ಅದೇ ಹಾಳೆ. ವಾಟ್ಸಾಪ್ ಮೆಸೇಜ್ ಅಳಿಸಲೇಬೇಡಿ.

10 ಜನ ಕೆಲಸಕ್ಕಿದ್ದರೂ ಸಾಕು, ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಅಲ್ಲಿ ಇರಲೇಬೇಕು, ಅಧ್ಯಕ್ಷೆ ಹೆಂಗಸೇ ಆಗಿರಬೇಕು. 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಿ. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವಾಗಬೇಕು, ಅದು ನಿಮ್ಮ ಹಕ್ಕು. ಮಾಲೀಕನ ಮೇಲೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಕೈ ಮಾಡಿದರೆ ಕಾಯಬೇಡಿ, ಆಗಲೇ 112ಕ್ಕೆ ಫೋನ್ ಮಾಡಿ.