ಪ್ಯಾಂಟಿನ ಅಳತೆ ನಂಬಬೇಡಿ, ಹೊಟ್ಟೆಗೆ ಟೇಪು ಹಿಡಿಯಿರಿ

ದಿನವೂ ಸೊಂಟದ ಅಳತೆ ತೆಗೆಯುವ ದರ್ಜಿ ನಾನು. ಹೊಟ್ಟೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಇಳಿಸಿ ತೊಡುತ್ತಾರೆ. ಪ್ಯಾಂಟಿನ ಅಳತೆ ವರ್ಷಗಟ್ಟಲೆ 34 ಇಂಚೇ ಇರುತ್ತದೆ, ಹೊಟ್ಟೆ ಮಾತ್ರ ಮುಂದೆ ಬರುತ್ತಿರುತ್ತದೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರಿ ಮೈಮೇಲೆ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಟೇಪು ಸುತ್ತಿ, ಬೆನ್ನ ಹಿಂದೆ ಜಾರಿಲ್ಲವೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ. ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಿ; ಹೊಟ್ಟೆ ಎಳೆದುಕೊಳ್ಳಬೇಡಿ. ಹಳೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಹೊಸದು ಕೊಳ್ಳಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಚ್ಚರಿಕೆಯ ಗೆರೆ. ಹೊಟ್ಟೆಯೊಳಗೆ ಸೇರುವ ಕೊಬ್ಬು ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರಿಸಿ ಹೃದಯಕ್ಕೆ ಅಪಾಯ ತರುತ್ತದೆ.

ಕಾಫಿ, ಚಹಾದ ಸಕ್ಕರೆಯನ್ನು ಮೊದಲು ಬಿಡಿ ಎನ್ನುತ್ತೇನೆ. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಹುರುಳಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ ಬಡಿಸಿಕೊಳ್ಳಿ. ರಾಗಿ ಮುದ್ದೆ ಒಳ್ಳೆಯದೇ, ಒಂದು ಸಾಕು. ಹೊಟ್ಟೆಗೆ ಮಾತ್ರ ಕಸರತ್ತು ಮಾಡಿದರೆ ಅಲ್ಲಿನ ಕೊಬ್ಬಷ್ಟೇ ಕರಗುವುದಿಲ್ಲ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ. ನಮ್ಮಂತೆ ಯಂತ್ರದ ಮುಂದೆ ಕೂರುವವರು ಆಗಾಗ ಏಳಲೇಬೇಕು.

ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಗೆರೆ ದಾಟಿದವರು ದಯವಿಟ್ಟು ಬಿಪಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.