ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಬಗೆ

ಶಿರಸಿ, ಸಿದ್ದಾಪುರ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮಹಾನವಮಿ ಬಂತೆಂದರೆ ಅಟ್ಟದ ಬುಟ್ಟಿ ಕೆಳಗಿಳಿಯುತ್ತದೆ. ವಿಜಯದಶಮಿಯಿಂದ ಭೂಮಿ ಹುಣ್ಣಿಮೆಗೆ ಐದೇ ದಿನ. ಅಷ್ಟರಲ್ಲಿ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಚಿತ್ತಾರ ಬರೆದು ಒಣಗಿಸಿ ಮುಗಿಸಬೇಕು. ಹುಣ್ಣಿಮೆಯ ನಸುಕಿನಲ್ಲಿ ಈ ಬುಟ್ಟಿಯಲ್ಲೇ ಅಡುಗೆ ಹೊತ್ತು ಗದ್ದೆಗೆ ಹೋಗುವುದು. ಹೊಡೆ ತುಂಬಿದ ಪೈರು ಬಸುರಿ, ಅವಳಿಗೆ ಬಯಕೆ ಊಟ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಮೊದಲ ಸಲ ಬರೆಯುವವರು ಚಿಕ್ಕದರಿಂದ ಶುರುಮಾಡಿದರೆ ಕೈ ಹದಕ್ಕೆ ಬರುತ್ತದೆ.

ಬುಟ್ಟಿ ಬಿದಿರಿನದೋ ಬೆತ್ತದ್ದೋ ಆಗಲಿ, ಹೆಣಿಗೆ ಒತ್ತಾಗಿರಬೇಕು. ಬೆರಳು ತೂರುವಷ್ಟು ಸಂದಿದ್ದರೆ ಸಗಣಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬುಟ್ಟಿಯ ಮಾತೇ ಬೇಡ, ಅದಕ್ಕೆ ಮಣ್ಣು ಹಿಡಿಯುವುದಿಲ್ಲ. ಮೂರು ಪಾಲು ಹಸಿ ಸಗಣಿಗೆ ಒಂದು ಪಾಲು ಜರಡಿ ಹಿಡಿದ ಮಣ್ಣು ಕಲಸಿ, ಚಪಾತಿ ಹಿಟ್ಟಿಗಿಂತ ತುಸು ಸಡಿಲ ಮಾಡಿ, ಹೊರಮೈಗೆ ಅಂಗೈಯಿಂದ ಒತ್ತಿ ಸವರಿ. ಸಂದಿ ಮುಚ್ಚಿದರೆ ಸಾಕು. ದಪ್ಪ ಬಳಿದರೆ ಒಣಗುವಾಗ ಬಿರಿಯುತ್ತದೆ, ಆಮೇಲೆ ಬುಟ್ಟಿ ಎತ್ತಿದಾಗೆಲ್ಲ ಚಕ್ಕೆ ಉದುರುತ್ತದೆ. ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಬಿಗಿದು ಒಳಗೆ ಹಸಿ ಉಳಿಯುತ್ತದೆ, ಬಿರುಕಿಗೆ ಅದೇ ದೊಡ್ಡ ಕಾರಣ.

ಕೆಮ್ಮಣ್ಣನ್ನು ಹಿಂದಿನ ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಂದು ಹರಳು ಉಳಿದರೂ ನಾರಿನ ಕುಂಚ ಅಲ್ಲೇ ಎಡವಿ ಗೆರೆ ಸೊಟ್ಟಗಾಗುತ್ತದೆ. ಮಜ್ಜಿಗೆಯ ಹದಕ್ಕೆ ತೆಳ್ಳಗೆ ಮಾಡಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಬಳಿಯಿರಿ. ಒಂದೇ ಸಲ ಗಟ್ಟಿಯಾಗಿ ಬಳಿದದ್ದು ಮುಟ್ಟಿದರೆ ಕೈಗಂಟುತ್ತದೆ.

ಬಿಳಿ ಬಣ್ಣವೇ ಇಡೀ ಕೆಲಸದ ಜೀವ. ಒಂದು ಬುಟ್ಟಿಗೆ ಅರ್ಧ ಲೋಟ ಬೆಳ್ತಿಗೆ ಅಕ್ಕಿ ಸಾಕು. ನಾಲ್ಕೈದು ತಾಸು ನೆನೆಸಿ, ನೀರು ಕಡಿಮೆ ಹಾಕಿ ಕಾಡಿಗೆಯಂತೆ ನುಣ್ಣಗೆ ರುಬ್ಬಿ. ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ಆಮೇಲೆ ನೀರು ಬೆರೆಸುತ್ತ ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯ ಹದಕ್ಕೆ ತನ್ನಿ. ಪರೀಕ್ಷೆ ಸುಲಭ: ಒಂದು ಗೆರೆ ಎಳೆದು ಬುಟ್ಟಿ ಓರೆ ಹಿಡಿಯಿರಿ. ಇಳಿದರೆ ನೀರು ಹೆಚ್ಚು, ಒಣಗಿ ಉದುರಿದರೆ ಹಿಟ್ಟು ಹೆಚ್ಚು. ಹಸಿಯಿದ್ದಾಗ ಗೆರೆ ಮಸುಕು, ಒಣಗಿದ ಮೇಲೆಯೇ ಬೆಳ್ಳಗೆ ಕಾಣುವುದು. ಇದು ಗೊತ್ತಿಲ್ಲದವರು ಮೇಲಿಂದ ಮೇಲೆ ತಿದ್ದಿ ಹಾಳು ಮಾಡುತ್ತಾರೆ. ರುಬ್ಬಿದ್ದನ್ನು ಅಂದೇ ಮುಗಿಸಿ, ಮಾರನೆಯ ದಿನಕ್ಕೆ ಹುಳಿಬಂದು ಹಿಡಿತ ಹೋಗುತ್ತದೆ. ಕಪ್ಪು ಬೇಕಿದ್ದರೆ ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಇದ್ದಿಲಾಗುವವರೆಗೆ ಹುರಿದು ನೀರಲ್ಲಿ ಅರೆಯಿರಿ. ಹಳದಿಗೆ ಗುರಿಗೆ ಬೀಜ.

ಕುಂಚಕ್ಕೆ ಪುಂಡಿ ನಾರು. ಗೇಣುದ್ದ ಕತ್ತರಿಸಿ, ನೆನೆಸಿ, ತುದಿಯನ್ನು ಕಲ್ಲ ಮೇಲೆ ಮೆಲ್ಲಗೆ ಜಜ್ಜಿ ಬಿಡಿಸಿಕೊಳ್ಳಿ. ಗೆರೆಗೆ ನಾಲ್ಕೈದು ಎಳೆಯ ಸಣ್ಣ ಕುಂಚ, ತುಂಬುವುದಕ್ಕೆ ದಪ್ಪನೆಯದು. ಅಂಗಡಿಯ ಬ್ರಷ್ಷಿಂದಲೂ ಬರೆಯಬಹುದು, ಆದರೆ ನಾರು ಬಣ್ಣ ಕುಡಿದು ನಿಧಾನಕ್ಕೆ ಬಿಡುತ್ತದೆ, ಗೆರೆ ಒಂದೇ ದಪ್ಪಕ್ಕೆ ಬರುತ್ತದೆ. ನಾರಿನ ಉದ್ದವನ್ನೇ ಬುಟ್ಟಿಯ ಮೈಗೆ ಮಲಗಿಸಿದಂತೆ ಇಟ್ಟು ನಿಮ್ಮ ಕಡೆಗೆ ಎಳೆಯಿರಿ. ಪೆನ್ಸಿಲಿನಂತೆ ತುದಿಯಲ್ಲಿ ಬರೆಯಲು ಹೋದರೆ ಗೆರೆ ನಡುಗುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಲೆಕ್ಕದಲ್ಲಿ. ಬುಟ್ಟಿಯ ಬಾಯಿ ಅಗಲ, ಬುಡ ಕಿರಿದು. ಬುಡದಿಂದ ಅಳತೆ ಶುರುಮಾಡಿದರೆ ಬಾಯಿಗೆ ಬರುವಷ್ಟರಲ್ಲಿ ಚಿತ್ತಾರದ ಕೊನೆಯ ಮನೆ, ಅಂದರೆ ಗೆರೆಗಳ ನಡುವಿನ ಅಂಕಣ, ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಬಾಳೆ ನಾರನ್ನು ಬಾಯಿಯ ಸುತ್ತ ಹಿಡಿದು, ತೆಗೆದು, ಎರಡು, ನಾಲ್ಕು, ಎಂಟು ಮಡಿಕೆ ಮಾಡಿ ಗುರುತು ಹಾಕಿಕೊಳ್ಳಿ. ಗುರುತಿನಿಂದ ಬುಡಕ್ಕೆ ಮೊದಲು ಉದ್ದ ಗೆರೆಗಳು, ಆಮೇಲೆ ಬಾಯಂಚಿನ ಪಟ್ಟಿ, ಕೊನೆಗೆ ಒಳಗಿನ ತುಂಬು. ಎಳೆ, ನಿಲಿ, ಜೋಗಿಜಡೆ, ಬಾಸಿಂಗ, ಭತ್ತದ ಸಸಿ ಎಂದು ಚಿತ್ತಾರದ ಅಂಶಗಳು ಹಲವು: ಒಂದೊಂದಕ್ಕೂ ಜಾಗ ಉಂಟು, ಒಂದರ ಮೇಲೊಂದು ಹೇರಬೇಡಿ. ಖಾಲಿ ಕೆಂಪೂ ಚಿತ್ತಾರವೇ.

ಯಾವ ಅಂಚು ಬರೆಯಬೇಕು? ಮೊಬೈಲಿನಲ್ಲಿ ನೋಡಿ ಇಳಿಸಬೇಡಿ. ಅತ್ತೆಯ ಮನೆಯದು ಒಂದು ಬಗೆ, ತವರಿನದು ಇನ್ನೊಂದು ಬಗೆ ಇರುತ್ತದೆ, ಎರಡನ್ನೂ ಕೇಳಿ ತಿಳಿಯಿರಿ. ಮದುವೆಗೆ ಚಿತ್ತಾರ ಬರೆಯುವ ಹಸೆಗೋಡೆ ಸಿಮೆಂಟಿನ ಅಡಿ ಹೋದ ಮನೆಗಳಲ್ಲಿ ಈ ಎರಡು ಕೈಗಳ ಗುರುತು ಉಳಿದಿರುವುದು ಬುಟ್ಟಿಯ ಮೇಲಷ್ಟೆ. ಭತ್ತದ ಸಸಿಯನ್ನು ಮಾತ್ರ ಬಿಡಬೇಡಿ. 1951ರಲ್ಲಿ ಪಕ್ಕದ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ ಸತ್ಯಾಗ್ರಹ ಹೂಡಿದವರಲ್ಲಿ ಹೆಚ್ಚಿನವರು ದೀವರ ಗೇಣಿದಾರರು. 1974ರ ಭೂಸುಧಾರಣೆ ತಿದ್ದುಪಡಿ ಬರುವವರೆಗೆ ಎಷ್ಟೋ ಮನೆಗಳಿಗೆ ಗದ್ದೆ ಹೆಸರಿಗಿರಲಿಲ್ಲ. ಪಹಣಿಯಲ್ಲಿ ಇಲ್ಲದ ಹೊಲ ಬುಟ್ಟಿಯ ಮೇಲೆ ಇತ್ತು.

ಎನಾಮೆಲ್ ಪೇಂಟಿನಲ್ಲಿ ಒಮ್ಮೆ ಬರೆದು ವರ್ಷಗಟ್ಟಲೆ ಇಟ್ಟುಕೊಳ್ಳುವ ರೂಢಿಯೂ ಈಗ ಉಂಟು. ನೋಡಲು ಚೆಂದವೇ, ಆದರೆ ಮನೆಯ ಹುಡುಗಿಯರಿಗೆ ಹುಡುಗರಿಗೆ ಕೆಲಸವೇ ಉಳಿಯುವುದಿಲ್ಲ. ಅಕ್ಕಿಹಿಟ್ಟು ಅಳಿಸಿಹೋಗುತ್ತದೆ ಎಂಬುದರಿಂದಲೇ ಪ್ರತಿ ವರ್ಷ ಯಾರಾದರೊಬ್ಬರು ಪಕ್ಕದಲ್ಲಿ ಕೂತು ಕಲಿಯಬೇಕಾಗುತ್ತಿತ್ತು.

ಹಬ್ಬ ಮುಗಿದ ಮೇಲೆ ಬುಟ್ಟಿಯ ಒಳಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅನ್ನದ ಅಗುಳು ಉಳಿಯದಂತೆ ನೋಡಿ, ಎರಡು ದಿನ ಗಾಳಿಗಿಟ್ಟು, ಒಲೆಯ ಮೇಲಿನ ಅಟ್ಟಕ್ಕೆ ಬೋರಲು ಹಾಕಿ. ಹೊಗೆ ತಾಗುವಲ್ಲಿ ಬೂಸ್ಟು ಕಡಿಮೆ. ಗ್ಯಾಸಿನ ಮನೆಯಾದರೆ ಹಗ್ಗಕ್ಕೆ ಕಟ್ಟಿ ತೂಗುಹಾಕಿ; ಹಿಟ್ಟಿನ ಗೆರೆಯನ್ನು ಇಲಿ, ಜಿರಳೆ ಕೆರೆದು ತಿನ್ನುತ್ತವೆ. ಮುಂದಿನ ವರ್ಷ ಇಳಿಸಿದಾಗ ಹಳೆಯ ಚಿತ್ತಾರವನ್ನು ತೊಳೆಯಬೇಡಿ. ಧೂಳು ಝಾಡಿಸಿ ಕೆಮ್ಮಣ್ಣಿನ ಮೊದಲ ಕೈ ತೆಳ್ಳಗೆ ಬಳಿದರೆ, ಕೆಳಗಿನ ಬಿಳಿ ಗೆರೆ ಮಸುಕಾಗಿ ಕಾಣುತ್ತಿರುತ್ತದೆ. ಹೊಸಬರ ಕೈಗೆ ಕುಂಚ ಕೊಡಬೇಕಾದ್ದು ಆಗಲೇ, ಎರಡನೆಯ ಕೈ ಬಳಿಯುವ ಮೊದಲು: ಬರಿಯ ನೀರಿನಲ್ಲಿ ಅದ್ದಿ, ಅಜ್ಜಿ ಎಳೆದ ಗೆರೆಯ ಮೇಲೆಯೇ ಒಂದು ಸುತ್ತು ಎಳೆದು ನೋಡಲಿ.